ಹಡಗಿನ ನಾಣ್ಯ ಮತ್ತು ಕಿಲುಬು

ಸಂಗ್ರಾಹಕನೊಬ್ಬನ ಮೇಜಿನ ಮೇಲೆ ಹಳೆಯ ರೋಮನ್ ಕಂಚಿನ ನಾಣ್ಯವೊಂದಿತ್ತು. ಅದರ ಮೇಲಿನ ಹಡಗನ್ನು ಹಸಿರು ಕಿಲುಬು ಕವಿದಿತ್ತು.

“ತೊಲಗು, ಕೊಳಕೇ! ನಾಳೆ ನಾನು ಗಾಜಿನ ಪೆಟ್ಟಿಗೆ ಸೇರಬೇಕು,” ಎಂದಿತು ನಾಣ್ಯ.

“ನನ್ನ ಅಡಿಯ ಕಂಚಿನ ಮೇಲ್ಮೈ ಎಂದೋ ಕರಗಿದೆ. ಈಗ ಹಡಗಿನ ಆಕಾರ ಉಳಿದಿರುವುದು ನನ್ನಲ್ಲಿ ಮಾತ್ರ,” ಎಂದಿತು ಕಿಲುಬು.

“ಸಾಮ್ರಾಟ ನಿಂತ ಹಡಗು ನಿನ್ನ ಆಸರೆಯಲ್ಲಿದೆಯೋ? ಎಂಥ ಜಂಬ!” ಎಂದು ನಾಣ್ಯ, ದೀಪ ತೊಳೆಯಲು ಇಟ್ಟಿದ್ದ ಹುಣಸೆ ನೀರಿಗೆ ಉರುಳಿತು.

ಬೆಳಿಗ್ಗೆ ಅದು ಫಳಫಳ ಹೊಳೆಯುತ್ತಿತ್ತು. ಸಂಗ್ರಾಹಕ ಭೂತಗನ್ನಡಿ ಹಿಡಿದು ಹಡಗನ್ನು ಹುಡುಕಿದ. ಸಿಗಲಿಲ್ಲ. ನಾಣ್ಯವನ್ನು ಅಂಗಿ ಗುಂಡಿಗಳ ಡಬ್ಬಿಗೆ ಎಸೆದ.

“ನನ್ನ ಮೇಲೆ ಸಾಮ್ರಾಟನ ಹಡಗಿತ್ತು, ಗೊತ್ತೇನು?” ಎಂದು ನಾಣ್ಯ ಗದರಿತು.

“ಇದ್ದೀತು ಸ್ವಾಮಿ,” ಎಂದಿತು ಮುರುಕು ಗುಂಡಿ. “ನನಗೂ ಒಂದು ಅಂಗಿಯಿತ್ತು.”