ಹೊಳೆಯ ಕಡೆ ಮುಖ ಮಾಡಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯಜ್ಜ ಎಂಬ ಗುರು. ಅವರಿಗೆ ಇಬ್ಬರು ಶಿಷ್ಯರು, ಚನ್ನಮಲ್ಲ ಮತ್ತು ರುದ್ರಮುನಿ.

ಚನ್ನಮಲ್ಲನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಚೆನ್ನಾಗಿ ಬರುತ್ತದೆ ಎಂಬುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಪಡಸಾಲೆಯಲ್ಲಿ ರುದ್ರಮುನಿಯನ್ನು ಎದುರಿಗೆ ಕೂರಿಸಿಕೊಂಡು ದಿನಬಳಕೆಯ ವಾಕ್ಯಗಳನ್ನು ಹೇಳಿಕೊಡುತ್ತಿದ್ದ.

“ಐ ಆಲ್ವೇಸ್ ಡ್ರಿಂಕ್ ಟೀ ಇನ್ ದ ಮಾರ್ನಿಂಗ್.”

“ಐ ಡ್ರಿಂಕ್ ಆಲ್ವೇಸ್ ಟೀ,” ಎನ್ನುತ್ತಿದ್ದ ರುದ್ರಮುನಿ.

ಎಷ್ಟು ತಿದ್ದಿದರೂ ಅಷ್ಟೇ. ತಪ್ಪಿಗೆ ಅವನೇ ಮೊದಲು ನಗುತ್ತಿದ್ದ.

ಒಂದು ದಿನ ಕಂಬಕ್ಕೆ ಒರಗಿ ಕೂತಿದ್ದ ಅಜ್ಜ ಕೇಳಿದರು: “ಅಂವ ಆ ಮಾತನ್ನ ಎಲ್ಲಿಟ್ರ ಏನಾತೋ ತಮ್ಮಾ? ಚಾ ಅಂತೂ ಕುಡದಾನಲ್ಲ.”

“ಹಂಗ ಇಡಾಕ ಬರೂದಿಲ್ರಿ ಅಜ್ಜಾರ. ಯಾವಾಗಲೂ ಅನ್ನೂದು ಕುಡಿಯೂದರ ಮುಂದ ನಿಲ್ಲಬೇಕು. ಮುಂಜಾನೆ ಅನ್ನೂದು ಕೊನಿಗೆ. ಅವಸರಲೇ, ಸಾವಕಾಶ, ಇವೆಲ್ಲ ಕೆಲಸದ ಹಿಂದ ಬರತಾವ.”

“ಅಂದ್ರ ಯಾರು, ಏನು ಮಾಡಿದ್ರು ಅನ್ನೂದು ಮೊದಲು.”

“ಹೌದ್ರಿ. ಹ್ಯಾಂಗ, ಎಲ್ಲಿ, ಯಾವಾಗ ಅನ್ನೂದು ಆಮ್ಯಾಲ.”

“ನಮ್ಮ ಮಾತಿನಾಗ?”

“ನಮ್ಮದರಾಗ ಏನಾತು ಅನ್ನೂದು ಕೊನಿಗೆ ಬರತೈತ್ರಿ. ಕೇಳವ್ರು ಅಲ್ಲೀತನಕ ಕಾಯಬೇಕು.” ಚನ್ನಮಲ್ಲ ಹೆಮ್ಮೆಯಿಂದ ಹೇಳಿದ.

“ಕಾಯಸೂದು ಛಲೋ ಅಂತೀಯೇನು?”

ಚನ್ನಮಲ್ಲ ನಕ್ಕ. ಅಜ್ಜ ನಗಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ರುದ್ರಮುನಿಗೆ ಜ್ವರ ಬಂತು. ಪೇಟೆಯ ಡಾಕ್ಟರು ಕೊಟ್ಟ ಗುಳಿಗೆ ನಾಟಲಿಲ್ಲ. ಒಂದು ಬೆಳಗಿನ ಜಾವ ನೀರು ಕೇಳಿದ. ಚನ್ನಮಲ್ಲ ತಂಬಿಗೆ ಹಿಡಿದು ಬರುವಷ್ಟರಲ್ಲಿ ಜೀವ ಹೋಗಿತ್ತು.

ಅವರ ಪದ್ಧತಿಯಂತೆ ದೇಹಕ್ಕೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಮುಖ ಹೊಳೆಯ ಕಡೆಗಿತ್ತು. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು.

ರುದ್ರಮುನಿಗೆ ಇದ್ದವಳು ಒಬ್ಬಳೇ ಅಕ್ಕ, ನೀಲಗಂಗವ್ವ. ಹೊಳೆಯ ಆಚೆ ದಂಡೆಯ ಊರಿನವಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಜ್ವರ ಬಂದ ಸುದ್ದಿ ಅವಳಿಗೆ ಮುಟ್ಟಿತ್ತು, ಅಷ್ಟೇ.

“ಹೋಗಿ ಆಕಿಗೆ ಹೇಳಿ ಕರಕೊಂಡ ಬಾ,” ಎಂದರು ಅಜ್ಜ. “ಆಕಿ ಮುಖಾ ನೋಡದ ಮಣ್ಣ ಕೊಡೂದಿಲ್ಲ.”

ಚನ್ನಮಲ್ಲ ದೋಣಿಯಲ್ಲಿ ಹೊಳೆ ದಾಟಿ ಹೋದ.

ಆ ಸೀಮೆಯಲ್ಲಿ ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ. ನೀರು ಕೊಟ್ಟರೂ ಮುಟ್ಟುವುದಿಲ್ಲ. ಹೊರಗೆ ನಿಂತೇ ಹೇಳುತ್ತಾನೆ. ಅವನು ನಿಂತ ರೀತಿಯಲ್ಲೇ ಮನೆಯವರಿಗೆ ಅರ್ಧ ತಿಳಿದುಬಿಡುತ್ತದೆ. ಇದು ಚನ್ನಮಲ್ಲನಿಗೆ ಗೊತ್ತಿಲ್ಲದ್ದೇನಲ್ಲ.

ಆದರೆ ನೀಲಗಂಗವ್ವ ಅವನನ್ನು ಕಂಡವಳೇ, “ಬಾ ತಮ್ಮಾ, ಬಿಸಲಾಗ ಬಂದಿ,” ಎಂದು ರಟ್ಟೆ ಹಿಡಿದು ಒಳಗೆ ಕರೆದುಕೊಂಡಳು. ಅವನು ಹೋದ. ಅವಳು ಕೊಟ್ಟ ನೀರನ್ನೂ ಕುಡಿದ. ಅವನು ನೀರು ಕುಡಿದದ್ದನ್ನು ನೋಡಿ ಅವಳ ಮುಖ ಹಗುರಾಯಿತು.

“ಹ್ಯಾಂಗದಾನ ನಮ್ಮ ರುದ್ರ?”

“ಅಕ್ಕಾರ, ರುದ್ರಮುನಿ ಇವತ್ತ ಮುಂಜಾನೆ…”

“ಹೂಂ?”

“ಹೊಳಿ ಕಡೆ ಮುಖಾ ಮಾಡಿ… ಶಾಂತ ಆಗಿ…”

ನೀಲಗಂಗವ್ವ ಆಗಲೇ ನಗುತ್ತಿದ್ದಳು. ಕೊನೆಯ ಮಾತು ಚನ್ನಮಲ್ಲನಿಗೆ ಬಾಯೊಳಗಿನ ಬಿಸಿ ತುಪ್ಪವಾಯಿತು. ಉಗುಳಲಾರ, ನುಂಗಲಾರ. ಆ ನಗುವನ್ನು ನೋಡುತ್ತ ಹೇಳಿದ:

“…ಕುಂತಾನ್ರಿ.”

“ಎದ್ದು ಕುಂತನೇನು?” ಅವಳು ಕೈ ಮುಗಿದಳು. “ಜ್ವರಾ ಬಿಟ್ಟ ಮ್ಯಾಲ ಹಸಿವಿ ಭಾಳ. ತಡಿ, ಬುತ್ತಿ ಕಟ್ಟಿ ಕೊಡ್ತೀನಿ.”

ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಬಡಿಯುತ್ತ ಹಾಡಿಕೊಂಡಳು. ಅವನು ಗೋಡೆ ನೋಡುತ್ತ ಕೂತ. ಪ್ರತಿ ರೊಟ್ಟಿಗೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡ. ಬುತ್ತಿ ಕೈಗೆ ಬಂದಾಗ ಅದನ್ನು ತೆಗೆದುಕೊಂಡು ಹೊರಟುಬಿಟ್ಟ.

ಆಶ್ರಮದ ಮೆಟ್ಟಿಲಲ್ಲಿ ಅಜ್ಜ ಕಾಯುತ್ತಿದ್ದರು.

“ಎಲ್ಲಿ ಆಕಿ?”

ಚನ್ನಮಲ್ಲ ಬುತ್ತಿಯನ್ನು ಚಾಚಿದ. ಅಜ್ಜ ಮುಟ್ಟಿ ನೋಡಿದರು. ಇನ್ನೂ ಬಿಸಿ ಇತ್ತು.

“ಸುಳ್ಳ ಹೇಳಿ ಬಂದಿ.”

“ಸುಳ್ಳಲ್ರಿ ಅಜ್ಜಾರ. ಹೊಳಿ ಕಡೆ ಮುಖಾ ಮಾಡಿ ಕುಂತಾನ ಅಂದೆ.” ಚನ್ನಮಲ್ಲ ಪಡಸಾಲೆಯ ಕಡೆ ಕೈ ಮಾಡಿದ. “ಕುಂತಾನಲ್ರಿ.”

ಅಜ್ಜ ಗೋಡೆಗೆ ಒರಗಿದ್ದ ರುದ್ರಮುನಿಯನ್ನು ನೋಡಿದರು.

“ನಿನ್ನ ಇಂಗ್ಲಿಷಿನಾಗ ಹೇಳು ನೋಡೂಣು.”

“ರುದ್ರಮುನಿ ಡೈಡ್.”

“ಆಮ್ಯಾಲ?”

“ಪೀಸ್‌ಫುಲಿ. ಬೈ ದ ರಿವರ್. ದಿಸ್ ಮಾರ್ನಿಂಗ್.”

“ಬರತೈತಲ್ಲ ನಿನಗ. ತಡವರಿಸಲೂ ಇಲ್ಲ.”

“ಆ ಮಾತಿನಾಗ ನನಗ ಅಳು ಬರೂದಿಲ್ರಿ, ಅಜ್ಜಾರ.”

“ಅಳು ಬರೂ ಮಾತಿನಾಗ ಹೋಗಿ ಹೇಳು.”

ಚನ್ನಮಲ್ಲ ಬುತ್ತಿಗೆ ಕೈ ಚಾಚಿದ. “ಇದನ್ನ ತಿರುಗಿ ಕೊಡ್ತೀನ್ರಿ. ನೋಡಿದ್ರ ಆಕಿಗೇ ತಿಳೀತೈತಿ.”

ಅಜ್ಜ ಬುತ್ತಿಯನ್ನು ಹಿಂದಕ್ಕೆ ಎಳೆದುಕೊಂಡರು.

“ಅದನ್ನೂ ರೊಟ್ಟಿ ಕೈಲೆ ಹೇಳಸ್ತೀ?”

ಅವನು ಬರಿಗೈಯಲ್ಲಿ ದೋಣಿ ಹತ್ತಿದ.

ಈ ಸಲ ಹೊಸ್ತಿಲ ಹೊರಗೇ ನಿಂತ. ನೀಲಗಂಗವ್ವ ಒಳಗಿನಿಂದ ಬಂದಳು.

“ಏನರೆ ಮರತೀಯೇನು ತಮ್ಮಾ? ಒಳಗ ಬಾ.”

ಅವನು ಒಳಗೆ ಹೋಗಲಿಲ್ಲ. ಅವನ ಕಾಲುಗಳನ್ನು ನೋಡಿದಳು. ಹೊಸ್ತಿಲನ್ನು ನೋಡಿದಳು.

“ತೀರ್ಕೊಂಡ್ರಿ, ಅಕ್ಕಾರ. ರುದ್ರಮುನಿ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಯಾವಾಗ?”

“ಮುಂಜಾನೆ.”

“ನೀ ನೀರ ಕುಡದಿ. ಆಗಿನ್ನೂ ಇದ್ದನೇನು?”

“ಇಲ್ರಿ.”

ಚನ್ನಮಲ್ಲ ಅಳುತ್ತಿದ್ದ. ಅವಳಿಗೆ ಅಳು ಬರಲಿಲ್ಲ.

“ನಾ ಹಾಡ್ಕೋತ ರೊಟ್ಟಿ ಬಡದ್ನಲ್ಲೋ,” ಎಂದಳು.

ಸೆರಗು ಹೊದ್ದು ಅವನ ಜೊತೆ ಹೊರಟಳು. ದೋಣಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು.

ಹೊತ್ತು ಇಳಿಯುತ್ತಿತ್ತು. ತಮ್ಮನ ಮುಂದೆ ಕೂತು ಅವನ ಗದ್ದ ಹಿಡಿದು ಮುಖ ನೋಡಿದಳು. ಹಾರ ಸರಿ ಮಾಡಿದಳು. ಗುಂಡಿಗೆ ಇಳಿಸಿದಾಗ ಹಿಡಿ ಮಣ್ಣು ಹಾಕಿದಳು. ಆಗಲೂ ಅವಳಿಗೆ ಅಳು ಬರಲಿಲ್ಲ. ಅಳಬೇಕಾದ ಹೊತ್ತನ್ನು ಚನ್ನಮಲ್ಲ ಅವಳಿಂದ ಕಸಿದುಕೊಂಡಿದ್ದ. ಹಾಗೆಂದು ಅವಳು ಹೇಳಲಿಲ್ಲ. ಅವನಿಗೇ ಹಾಗನಿಸಿತು, ಅನಿಸಿದ್ದು ಸರಿಯಾಗಿಯೇ ಇತ್ತು.

ಹೊರಡುವಾಗ ಕಂಬದ ಬುಡದಲ್ಲಿದ್ದ ಬುತ್ತಿ ಕಂಡಿತು. ಎತ್ತಿಕೊಂಡಳು. ಅಜ್ಜನಿಗೆ ಕೈ ಮುಗಿದಳು. ಚನ್ನಮಲ್ಲನ ಕಡೆ ತಿರುಗಲಿಲ್ಲ.

ಗುರು ಶಿಷ್ಯ ಇಬ್ಬರೂ ದಂಡೆಯ ಮೇಲೆ ಕೂತರು. ದೋಣಿ ಆಚೆ ದಂಡೆ ಮುಟ್ಟಿತು.

“ಆಕಿ ನನ್ನ ಮಾರಿ ನೋಡಲಿಲ್ರಿ.”

“ನೋಡೂದಿಲ್ಲ.”

“ಮುಂದರೆ ನೋಡ್ಯಾಳೇನ್ರಿ?”

ಅಜ್ಜ ಆಚೆ ದಂಡೆಯ ಕಡೆ ನೋಡಿದರು.

ಚನ್ನಮಲ್ಲ ಮತ್ತೆ ಕೇಳಿದ: “ಅಜ್ಜಾರ, ನೀವು ಹೋಗಿದ್ರ ಆ ಮಾತು ಹ್ಯಾಂಗ ಹೇಳ್ತಿದ್ರಿ?”

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

“ನನಗ ಹೇಳಾಕ ಬರ್ತಿದ್ರ, ನಿನ್ನ ಯಾಕ ಕಳಸ್ತಿದ್ನೋ ತಮ್ಮಾ.”