ಮರಿಯ ಹೊಟ್ಟೆ ಮುಟ್ಟಿದರೆ ತಾಯಿನಾಯಿ ಗುರುಗುಟ್ಟುವುದೇಕೆ

ಭೂಮಿ ಆಗ ಹೊಸದು. ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ. ತಮಗೆ ಗೊತ್ತಿಲ್ಲದ್ದನ್ನು ಪ್ರತಿಯೊಬ್ಬರೂ ಪಕ್ಕದವರನ್ನು ಕೇಳುತ್ತಿದ್ದರು. ಪಕ್ಕದವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಕೆಂಚಿ ಎಂಬ ನಾಯಿ ಮೊದಲ ಸಲ ಮರಿ ಹಾಕಿತು. ಎರಡೂ ಹೆಣ್ಣು. ಹೊಕ್ಕುಳಬಳ್ಳಿಯನ್ನು ಬಿಡಿಸುವುದು ಹೇಗೆಂದು ಅದು ಗಾಳಿಯನ್ನು ಕೇಳಿತು. ನಾನು ಎಲೆಗಳನ್ನು ಎಳೆದು ಬಿಡಿಸುತ್ತೇನೆ, ನೀನೂ ಎಳೆ ಎಂದಿತು ಗಾಳಿ. ಕೆಂಚಿ ಎಳೆಯಿತು.

ಬಳ್ಳಿ ಬಂತು. ಹೊಕ್ಕುಳಿನ ಕಿಂಡಿ ಮಾತ್ರ ಮುಚ್ಚಲಿಲ್ಲ. ಎರಡೂ ಮರಿಗಳ ಹೊಟ್ಟೆಯ ಮೇಲೆ ನೆಲ್ಲಿಕಾಯಿಯಷ್ಟು ಉಬ್ಬು ಬಂತು. ಒತ್ತಿದರೆ ಒಳಗೆ ಹೋಗುತ್ತಿತ್ತು. ಮರಿ ಅತ್ತರೆ ಹೊರಗೆ ಬರುತ್ತಿತ್ತು.

ಕಾಗೆ ಕೊಂಬೆಯ ಮೇಲೆ ಬಂದು ಕೂತಿತು. ನಿನ್ನ ಮಕ್ಕಳು ಕಾಯಿ ಹೊತ್ತುಕೊಂಡೇ ಹುಟ್ಟಿದ್ದಾರಲ್ಲ, ಯಾವಾಗ ಹಣ್ಣಾಗುತ್ತೆ ಎಂದು ಕೇಳಿತು.

ಪಕ್ಕದ ಗವಿಯಲ್ಲಿ ಬೊಮ್ಮವ್ವ ಎಂಬ ಹೆಂಗಸಿದ್ದಳು. ಅವಳ ಮಗನ ಹೊಕ್ಕುಳೂ ಹೀಗೇ ಉಬ್ಬಿತ್ತು. ಅವಳು ಹುಣಸೆಬೀಜವಿಟ್ಟು ನಾರಿನ ಪಟ್ಟಿ ಕಟ್ಟಿದ್ದಳು. ಉಬ್ಬು ಹೋಗಿತ್ತು. ಕಟ್ಟಿದ್ದರಿಂದಲೇ ಹೋಯಿತೆಂದು ಅವಳು ನಂಬಿದ್ದಳು.

ಅವಳ ಹತ್ತಿರ ಒಂದೇ ಪಟ್ಟಿ ಉಳಿದಿತ್ತು. ದೊಡ್ಡ ಮರಿಯ ಉಬ್ಬಿನ ಮೇಲೆ ಬೀಜವಿಟ್ಟು ಅದನ್ನು ಕಟ್ಟಿದಳು. ಚಿಕ್ಕದಕ್ಕೆಂದು ಹೊಸ ನಾರನ್ನು ಹೊಳೆಯಲ್ಲಿ ನೆನೆಹಾಕಿದಳು.

ಮೊದಲ ದಿನ ಮರಿ ಅತ್ತಿತು. ಬೊಮ್ಮವ್ವ ಪಟ್ಟಿಯನ್ನು ಇನ್ನಷ್ಟು ಬಿಗಿದಳು.

"ಅಳಲಿ ಬಿಡೇ. ನನ್ನ ಮಗನೂ ಅತ್ತಿದ್ದ."

ಎರಡನೆಯ ದಿನ ಮರಿ ಹಾಲು ಕಕ್ಕಿತು. ಮೂರನೆಯ ದಿನ ಅಳಲಿಲ್ಲ. ಬೊಮ್ಮವ್ವ ಪಟ್ಟಿ ಬಿಚ್ಚಿದಳು. ಉಬ್ಬು ಕಲ್ಲಿನಂತೆ ಗಟ್ಟಿಯಾಗಿತ್ತು, ನೇರಳೆ ಬಣ್ಣಕ್ಕೆ ತಿರುಗಿತ್ತು. ಬೀಜದ ಅಡಿಯಲ್ಲಿ ಕರುಳಿನ ಒಂದು ಮಡಿಕೆ ಸಿಕ್ಕಿಕೊಂಡಿತ್ತು. ಸಂಜೆಗೆ ಮರಿ ಸತ್ತಿತು.

ಬೊಮ್ಮವ್ವ ಅದನ್ನು ಮರಳಿನಲ್ಲಿ ಹೂತಳು. ಕಾಗೆ ನೋಡುತ್ತಲೇ ಇತ್ತು.

ಕೆಂಚಿಗೆ ಉಳಿದದ್ದು ಒಂದೇ ಮರಿ. ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೊಳೆಯ ಬಳಿಗೆ ಹೋಗಿ, ಇದಕ್ಕೇನು ಮಾಡಲಿ ಎಂದು ಕೇಳಿತು.

ಹೊಳೆ ಹೇಳಿತು: "ನನ್ನ ದಡದಲ್ಲೂ ಕಿಂಡಿಗಳಿವೆ. ಬಿಗಿದರೆ ಒಡೆಯುತ್ತವೆ. ದಿನಾ ಒಂದಿಷ್ಟು ಮರಳು ತಂದು ಹಾಕುತ್ತೇನೆ, ಅಷ್ಟೇ. ನೀನೂ ದಿನಾ ನೆಕ್ಕಿ ನೋಡು. ಮೆತ್ತಗಿದ್ದು ಒಳಗೆ ಹೋದರೆ ಕಾಯುತ್ತಿರು. ಗಟ್ಟಿಯಾಗಿ ಬಿಸಿಯಾದರೆ ಕಾಯಬೇಡ, ಓಡು."

"ಎಲ್ಲಿಗೆ ಓಡಲಿ?"

"ಅದು ನನಗೆ ಗೊತ್ತಿಲ್ಲ."

ವೈದ್ಯರು ಆಗಿನ್ನೂ ಹುಟ್ಟಿರಲಿಲ್ಲ.

ಕೆಂಚಿ ದಿನಾ ನೆಕ್ಕಿತು. ಬೆಳಿಗ್ಗೆ ನೆಕ್ಕಿತು, ಮಧ್ಯಾಹ್ನ ನೆಕ್ಕಿತು, ಸಂಜೆ ನೆಕ್ಕಿತು. ಪ್ರತಿ ಸಲವೂ ಹೆದರುತ್ತಲೇ ನಾಲಿಗೆ ಇಟ್ಟಿತು. ಪ್ರತಿ ಸಲವೂ ಉಬ್ಬು ಮೆತ್ತಗಿತ್ತು.

ಬೊಮ್ಮವ್ವ ದಿನಾ ಬಂದು ದೂರ ಕೂರುತ್ತಿದ್ದಳು. ಕೈ ಚಾಚಿದರೆ ಕೆಂಚಿ ಗುರುಗುಟ್ಟುತ್ತಿತ್ತು. ಒಂದು ದಿನ ಅವಳು ಕೇಳಿದಳು.

"ಪಟ್ಟಿ ತಂದಿಲ್ಲ ಕಣೇ ಕೆಂಚಿ. ಬರೀ ಕೈ. ಒಂದು ಸಲ ಮುಟ್ಟಲಾ?"

"ನೀನು ಕೆಟ್ಟವಳಲ್ಲ ಬೊಮ್ಮವ್ವ. ಆದರೂ ಬೇಡ."

ಆರು ಹುಣ್ಣಿಮೆ ಕಳೆಯಿತು. ನೆಲ್ಲಿಕಾಯಿಯಷ್ಟಿದ್ದ ಉಬ್ಬು ಅವರೆಕಾಳಿನಷ್ಟಾಯಿತು. ಪೂರ್ತಿ ಹೋಗಲಿಲ್ಲ. ಮರಿ ಬದುಕಿತು. ಬೊಮ್ಮವ್ವ ಅದನ್ನು ಕೊನೆಯವರೆಗೂ ಮುಟ್ಟಲಿಲ್ಲ.

ಆ ಮರಿ ಬೆಳೆದು ತಾನೂ ಮರಿ ಹಾಕಿತು. ಈಗಿನ ನಾಯಿಗಳೆಲ್ಲ ಅದರ ವಂಶದವು. ಅದಕ್ಕೇ ಮಗು, ಕೆಲವು ಮರಿಗಳ ಹೊಟ್ಟೆಯ ಮೇಲೆ ಇಂದಿಗೂ ಆ ಮೆತ್ತನೆಯ ಉಬ್ಬು ಇರುತ್ತದೆ. ನೀನು ಎಷ್ಟೇ ಪ್ರೀತಿಯಿಂದ ಕೈ ಚಾಚಿದರೂ, ತಾಯಿನಾಯಿ ಮೊದಲು ನಿನ್ನ ಕೈ ನೋಡಿ ಗುರುಗುಟ್ಟುತ್ತದೆ, ಆಮೇಲೆ ಮರಿಯ ಹೊಟ್ಟೆ ನೆಕ್ಕುತ್ತದೆ.