ಸೊಂಡಿಲು ಕಳಕೊಂಡ ಆನೆ

ಶಿಶುವಿಹಾರದ ಗಾಜಿನ ಬೀರುವಿಗೆ ತನ್ನ ಮರ್ಯಾದೆಯ ಬಗ್ಗೆ ಭಾರೀ ಜಂಬ. ಒಂದು ದಿನ ಬೆಕ್ಕು ಮೂರು ಮರಿಗಳನ್ನು ಕಟ್ಟಿಕೊಂಡು ಬಂದು, "ಮಕ್ಕಳಿಗೆ ಚಿತ್ರದ ಪುಸ್ತಕ ಬೇಕಿತ್ತು. ಯಾವುದು ಒಳ್ಳೆಯದು, ಹೇಳಕ್ಕಾ" ಅಂತ ಕೇಳಿತು.

"ನನ್ನೊಳಗಿರುವ ಈ ನವಿಲಿನ ಪುಸ್ತಕ ನೋಡು. ಬಂದಾಗಿನಿಂದ ಒಬ್ಬರ ಕೈಯೂ ಸೋಕಿಲ್ಲ!"

"ಮತ್ತೆ ಆ ಮೂಲೆಯಲ್ಲಿ ಒಂದು ಹರಕು ಪುಸ್ತಕ ಬಿದ್ದಿದೆಯಲ್ಲ, ಅದು?"

ಬೀರುವಿಗೆ ಅಷ್ಟೇ ಬೇಕಿತ್ತು. "ಥೂ, ಅವಳ ಸುದ್ದಿ ಎತ್ತಬೇಡ! ದಿನಕ್ಕೊಂದು ಮನೆ ಸುತ್ತಿ ಬರೋಳು. ಮೈಯೆಲ್ಲ ಜೊಲ್ಲು, ರಾಗಿ ಗಂಜಿ. ಇವತ್ತು ಸಂಜೆ ಹಂಡೆ ಒಲೆಗೆ ಹಾಕ್ತಾರಂತೆ, ಪೀಡೆ ತೊಲಗುತ್ತೆ."

ಬೆಕ್ಕು ಮರಿಗಳನ್ನು ನವಿಲಿನ ಮುಂದೆ ಕೂರಿಸಿತು. ಗಾಜಿನಾಚೆಯ ರಟ್ಟನ್ನು ಎಷ್ಟು ಹೊತ್ತು ನೋಡುವುದು? ಮೂರೂ ಆಕಳಿಸಿದವು. ಆಗ ಬೆಕ್ಕು ಮೂಲೆಯ ಹರಕು ಪುಸ್ತಕವನ್ನು ಬಿಡಿಸಿತು.

"ಅಮ್ಮಾ, ಈ ಆನೆಗೆ ಸೊಂಡಿಲೇ ಇಲ್ಲ!"

"ಒಂದು ಪಾಪು ತಿಂದುಬಿಟ್ಟಿತಪ್ಪ" ಎಂದಿತು ಪುಸ್ತಕ, ಚೂರೂ ನಾಚದೆ.

ದೊಡ್ಡ ಮರಿ ತನ್ನ ಬಾಲವನ್ನೇ ಸೊಂಡಿಲಿನ ಜಾಗದಲ್ಲಿ ಇಟ್ಟಿತು. "ನಂದು ಇಡ್ತೀನಿ, ನಂದು!" ಅಂತ ಉಳಿದೆರಡೂ ಮೇಲೆ ಬಿದ್ದವು.

"ಅವಳನ್ನು ಮನೆಗೆ ಸೇರಿಸಿದರೆ ಊರು ಏನನ್ನುತ್ತೆ?" ಬೀರು ಚೀರಿತು.

"ಅಂದುಕೊಳ್ಳಲಿ. ಇದು ಒಲೆಗೆ ಹೋಗಲ್ಲ" ಎಂದ ಬೆಕ್ಕು, ಮರಿಯನ್ನು ಎತ್ತುವ ಹಾಗೆಯೇ ಪುಸ್ತಕವನ್ನು ಮೆತ್ತಗೆ ಬಾಯಲ್ಲಿ ಕಚ್ಚಿಕೊಂಡು ಹೊರಟೇಬಿಟ್ಟಿತು.

ಹೊಸಿಲು ದಾಟಬೇಕು, ಅಷ್ಟರಲ್ಲಿ ಗಾಜಿನೊಳಗಿಂದ ಒಂದು ದನಿ. ಆ ಮರ್ಯಾದಸ್ಥೆ ನವಿಲಿನ ಪುಸ್ತಕವೇ, ಬೀರುವಿನ ಎದುರೇ ಕೂಗಿತು ಕಣ್ರೀ: "ಬೆಕ್ಕಮ್ಮಾ, ನಾಳೆ ನನ್ನನ್ನೂ ಕಚ್ಚಿಕೊಂಡು ಹೋಗೇ!"